ಕೆಪಾಸಿಟರ್‌ನ ಒಂದು ಕಾಲು ಮಾತ್ರ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್‌ನಲ್ಲಿ ಮೂರು ಕೆಪಾಸಿಟರ್‌ಗಳ (ಕರೆಂಟ್ ಕೂಡಿಟ್ಟುಕೊಳ್ಳುವ ಸಣ್ಣ ಡಬ್ಬಿಗಳ) ತಲೆ ಉಬ್ಬಿದೆ. ಬದಲಾಯಿಸೋಣ ಅಂತ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಹಿಡಿದು ಕೂತೆ. ಪ್ಲಸ್ ಕಾಲಿನ ಸೋಲ್ಡರ್ (ಬೆಸುಗೆಯ ಲೋಹ) ಹೇಗೋ ಕರಗಿತು. ಮೈನಸ್ ಕಾಲಿನದು ಎಷ್ಟು ಹೊತ್ತು ಒತ್ತಿ ಹಿಡಿದರೂ ಮೇಲೆ ಸ್ವಲ್ಪ ಮೆತ್ತಗಾದಂತೆ ಕಂಡು ಮತ್ತೆ ಗಟ್ಟಿಯಾಗುತ್ತದೆ. ಕರಗಿದ ಸೋಲ್ಡರನ್ನು ಹೀರುವ ಪಂಪ್, ಅಂದರೆ ಸಕ್ಕರ್‌ನಿಂದ ಎಳೆದರೆ ಮೇಲಿನದಷ್ಟೇ ಬರುತ್ತದೆ, ತೂತು ತುಂಬಿಕೊಂಡೇ ಇರುತ್ತದೆ. ಸೋಲ್ಡರ್ ಹೀರುವ ತಾಮ್ರದ ಹೆಣೆದ ಪಟ್ಟಿ, ವಿಕ್ ಅಂತೂ ಬೋರ್ಡಿಗೇ ಅಂಟಿಕೊಂಡಿತು. ಪರಿಚಯದವರೊಬ್ಬರು 60 ವ್ಯಾಟ್‌ನ ಐರನ್ ತಗೊಂಡು ಫುಲ್ ಹೀಟ್‌ನಲ್ಲಿ ಕಿತ್ತುಬಿಡು ಅಂದರು. ಇನ್ನೊಬ್ಬರು ಜಾಸ್ತಿ ಬಿಸಿ ಮಾಡಿದರೆ ಬೋರ್ಡೇ ಹೋಗುತ್ತೆ ಅಂತ ಹೆದರಿಸಿದರು. ಇನ್ನಷ್ಟು ಸೋಲ್ಡರ್ ಹಾಕಿದರೆ ಬಿಡುತ್ತೆ ಅಂತಲೂ ಓದಿದ್ದೇನೆ. ತೆಗೆಯಬೇಕಾದ ಜಾಗಕ್ಕೇ ಇನ್ನಷ್ಟು ಹಾಕುವುದಾ? ಇದರಲ್ಲಿ ಯಾವುದು ಸರಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಒಂದು ಕಾಲು ಕರಗಿ ಇನ್ನೊಂದು ಕರಗದೇ ಇರುವುದು ನಿಮ್ಮ ಕೈಯ ತಪ್ಪಲ್ಲ. ಮದರ್‌ಬೋರ್ಡ್ ಕೆಪಾಸಿಟರ್ ಬಿಚ್ಚಲು ಕೂತ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇದೇ ಮೈನಸ್ ಕಾಲಿನಲ್ಲಿ. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಮೊದಲ ಎರಡೂ ಅರ್ಧ ಸರಿ. ವಿಚಿತ್ರ ಅನ್ನಿಸಿದ ಮೂರನೆಯದೇ ಪೂರ್ತಿ ಸರಿ. ಯಾಕೆ ಅಂತ ಹೇಳುತ್ತೇನೆ.

ಮದರ್‌ಬೋರ್ಡ್ ಹೊರಗಿನಿಂದ ಒಂದು ಹಾಳೆಯಂತೆ ಕಂಡರೂ ಒಳಗೆ ಪದರಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಅದರಲ್ಲಿ ಒಂದಾದರೂ ಪದರ ಬಹುತೇಕ ಇಡೀ ಬೋರ್ಡಿನಗಲಕ್ಕೂ ಹಾಸಿದ ತಾಮ್ರ. ಅದೇ ಗ್ರೌಂಡ್. ಕೆಪಾಸಿಟರ್‌ನ ಮೈನಸ್ ಕಾಲು ತೂತಿನ ಗೋಡೆಯ ಮೂಲಕ ನೇರವಾಗಿ ಆ ತಾಮ್ರಕ್ಕೆ ಸೇರಿಕೊಂಡಿರುತ್ತದೆ. ತಾಮ್ರದ ಶಾಖ ಸಾಗಿಸುವ ಶಕ್ತಿ ಸುಮಾರು 400 ಎಂದಿಟ್ಟುಕೊಂಡರೆ, ಅದೇ ಅಳತೆಯಲ್ಲಿ ಬೋರ್ಡಿನ ಫೈಬರ್‌ಗೆ ಬರುವುದು ಹೆಚ್ಚುಕಮ್ಮಿ 0.3. ಅಂದರೆ ಸಾವಿರ ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ನೀವು ಕೊಟ್ಟ ಬಿಸಿ ಕಾಲಿನ ಹತ್ತಿರ ನಿಲ್ಲುವುದೇ ಇಲ್ಲ, ಇಡೀ ಬೋರ್ಡಿಗೆ ಹರಡಿಹೋಗುತ್ತದೆ. 25 ವ್ಯಾಟ್‌ನ ಐರನ್‌ನಿಂದ ಅದನ್ನು ಕರಗಿಸಲು ಹೋಗುವುದು ತೂತು ಬಿದ್ದ ಕೊಡಕ್ಕೆ ಲೋಟದಲ್ಲಿ ನೀರು ಹುಯ್ದಂತೆ. ಮೇಲ್ಭಾಗ ಮೆತ್ತಗಾಗಿ ಮತ್ತೆ ಗಟ್ಟಿಯಾಗುವುದಕ್ಕೂ ಇದೇ ಕಾರಣ. ಬಿಟ್ (ಐರನ್‌ನ ಬಿಸಿ ತುದಿ) ಮುಟ್ಟಿದ ಕಡೆ ಸೋಲ್ಡರ್ ಕರಗಿದೆ, ತೂತಿನ ಆಳದಲ್ಲಿ ಇನ್ನೂ ಕಲ್ಲಿನಂತಿದೆ.

ಪ್ಲಸ್ ಕಾಲು ಸೇರಿರುವ ತಾಮ್ರ ಅಷ್ಟು ದೊಡ್ಡದಲ್ಲ. ಅದಕ್ಕೇ ಅದು ಮೊದಲು ಬಿಟ್ಟಿತು.

ಎರಡನೆಯ ಕಾರಣ ಸೋಲ್ಡರ್‌ನ ಜಾತಿ. ಹಿಂದೆ ಎಲ್ಲೆಡೆ ಬಳಸುತ್ತಿದ್ದದ್ದು ತವರ ಮತ್ತು ಸೀಸದ ಮಿಶ್ರಣ. 63 ಪಾಲು ತವರ, 37 ಪಾಲು ಸೀಸ ಇದ್ದರೆ ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ. 2006ರ ಜುಲೈ 1ರಿಂದ ಸೀಸದಂಥ ವಿಷಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮ ಜಾರಿಗೆ ಬಂತು. ಅಲ್ಲಿಂದಾಚೆಗೆ ಕಂಪ್ಯೂಟರ್ ತರದ ಬೋರ್ಡ್‌ಗಳಲ್ಲಿ ಬಹುಪಾಲು ಸೀಸವಿಲ್ಲದ ಸೋಲ್ಡರ್. ತವರಕ್ಕೆ 3 ಪರ್ಸೆಂಟ್ ಬೆಳ್ಳಿ, ಅರ್ಧ ಪರ್ಸೆಂಟ್ ತಾಮ್ರ ಸೇರಿಸಿದ್ದು 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. ತವರ ಮತ್ತು ತಾಮ್ರ ಮಾತ್ರ ಇರುವುದಕ್ಕೆ 227 ಬೇಕು. ಹಳೆಯದಕ್ಕೆ ಹೋಲಿಸಿದರೆ 35-45 ಡಿಗ್ರಿ ಜಾಸ್ತಿ. ಐರನ್ ಮೊದಲೇ ಏದುಸಿರು ಬಿಡುತ್ತಿರುವಾಗ ಇಷ್ಟು ವ್ಯತ್ಯಾಸ ಸಾಕು. ಬೋರ್ಡಿನ ಮೂಲೆಯಲ್ಲಿ ಸೀಸದ ಸಂಕೇತದ (Pb) ಮೇಲೆ ಅಡ್ಡಗೆರೆ ಎಳೆದ ಗುರುತಿದ್ದರೆ ಅದು ಸೀಸವಿಲ್ಲದ್ದು. ಗುರುತಿಲ್ಲದಿದ್ದರೆ ಬೆಸುಗೆಯ ಹೊಳಪು ನೋಡಿ. ಹಳೆಯ ಜಾತಿ ಕನ್ನಡಿಯಂತೆ ಮಿನುಗುತ್ತದೆ, ಹೊಸದು ಸ್ವಲ್ಪ ಮಂಕು, ತರಿತರಿ. ಹೊಳಪನ್ನೊಂದನ್ನೇ ನಂಬುವ ಹಾಗಿಲ್ಲ, ಆದರೂ ಅಂದಾಜಿಗೆ ಸಾಕು.

ಇನ್ನು ನಿಮ್ಮ ಬಿಟ್. ಅದು ಪೆನ್ಸಿಲ್ ಮೊನೆಯಂತೆ ಚೂಪಾಗಿದೆ ಅಂತ ನನ್ನ ಊಹೆ, ಏಕೆಂದರೆ ಸಣ್ಣ ಐರನ್‌ಗಳ ಜೊತೆ ಬರುವುದು ಹೆಚ್ಚಾಗಿ ಅದೇ. ಚೂಪು ಮೊನೆ ನಾಜೂಕು ಕೆಲಸಕ್ಕೆ ಸರಿ ಅಂತ ಅನ್ನಿಸುತ್ತದೆ. ಶಾಖ ದಾಟಿಸುವುದರಲ್ಲಿ ಮಾತ್ರ ಅದು ತುಂಬ ಹಿಂದೆ. ಬಿಟ್ ಮತ್ತು ಬೆಸುಗೆ ಮುಟ್ಟುವ ಜಾಗ ಎಷ್ಟು ಅಗಲವೋ ಅಷ್ಟು ಬಿಸಿ ದಾಟುತ್ತದೆ. ಉಳಿಯಂತೆ ಚಪ್ಪಟೆಯಾಗಿರುವ ಚಿಸೆಲ್ ಬಿಟ್ ಇಂಥ ಕೆಲಸಕ್ಕೆ ಸೂಕ್ತ. ಪ್ಯಾಡ್‌ನ (ತೂತಿನ ಸುತ್ತಲಿನ ತಾಮ್ರದ ಬಿಲ್ಲೆಯ) ಅಗಲಕ್ಕೆ ಸರಿಸುಮಾರು ಹೊಂದುವಷ್ಟು ಅಗಲವಿರಲಿ.

ಬಿಟ್ಟಿನ ಬಣ್ಣವನ್ನೂ ನೋಡಿ. ತುದಿ ಕಪ್ಪಾಗಿ, ಸೋಲ್ಡರ್ ತಾಗಿಸಿದರೆ ಹರಡದೆ ಗುಂಡಾಗಿ ಉರುಳಿ ಬೀಳುತ್ತಿದ್ದರೆ, ಅದರ ಮೇಲೆ ಆಕ್ಸೈಡ್ ಕೂತಿದೆ. ಆ ಪದರ ಶಾಖವನ್ನು ತಡೆಯುತ್ತದೆ. ಇಂಥ ಬಿಟ್‌ನಲ್ಲಿ ಎಷ್ಟು ಡಿಗ್ರಿ ಇಟ್ಟರೂ ಸೋಲ್ಡರ್ ಜಗ್ಗುವುದಿಲ್ಲ. ಆಗ ಮರಳು ಕಾಗದದಿಂದ ಉಜ್ಜಬೇಡಿ, ಅರ ಹಾಕಬೇಡಿ. ಈಗಿನ ಬಿಟ್‌ಗಳ ಒಳಗಿರುವುದು ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪ. ಲೇಪ ಹೋದರೆ ಬಿಸಿ ಸೋಲ್ಡರ್ ಒಳಗಿನ ತಾಮ್ರವನ್ನು ಕರಗಿಸಿಕೊಳ್ಳುತ್ತಾ ಹೋಗುತ್ತದೆ, ಸ್ವಲ್ಪ ದಿನದಲ್ಲೇ ಬಿಟ್‌ನಲ್ಲಿ ಗುಳಿ ಬೀಳುತ್ತದೆ. ಹಿತ್ತಾಳೆ ತಂತಿಯ ಉಂಡೆಯಲ್ಲಿ ಬಿಟ್ ಅದ್ದಿ ತಿರುಗಿಸಿ, ಕೂಡಲೇ ಫ್ಲಕ್ಸ್ (ಆಕ್ಸೈಡ್ ಬಿಡಿಸುವ ವಸ್ತು) ಇರುವ ಸೋಲ್ಡರ್ ತಾಗಿಸಿ. ಹೀಗೆ ಕೆಲವು ಸಲ ಮಾಡಿದರೆ ತುದಿ ಮತ್ತೆ ಬೆಳ್ಳಗಾಗುತ್ತದೆ. ಹಟ ಮಾಡುತ್ತಿದೆ ಅಂತ ಜನ ದೂರುವ ಸೋಲ್ಡರ್‌ನಲ್ಲಿ ಎಷ್ಟೋ ಪಾಲು ಕಪ್ಪು ಬಿಟ್‌ನದೇ ತಪ್ಪು.

ಈಗ ಆ 60 ವ್ಯಾಟ್, ಫುಲ್ ಹೀಟ್ ಸಲಹೆಗೆ ಬರೋಣ. ವ್ಯಾಟ್ ಮತ್ತು ಡಿಗ್ರಿ ಬೇರೆ ಬೇರೆ. ಬಿಟ್ ಎಷ್ಟು ಬಿಸಿಯಾಗಿದೆ ಅನ್ನುವುದು ಡಿಗ್ರಿ. ಬೋರ್ಡ್ ಆ ಬಿಸಿಯನ್ನು ಎಳೆದುಕೊಂಡಾಗ ಎಷ್ಟು ಬೇಗ ಮತ್ತೆ ತುಂಬಿಕೊಡಬಲ್ಲದು ಅನ್ನುವುದು ವ್ಯಾಟ್. ನಿಮಗೆ ಕಮ್ಮಿ ಬಿದ್ದಿರುವುದು ವ್ಯಾಟ್. ಹಾಗಾಗಿ ದೊಡ್ಡ ಐರನ್ ಬೇಕು ಅನ್ನುವ ಮಾತು ಸರಿ. ಆದರೆ ಟೆಂಪರೇಚರ್ ಕಂಟ್ರೋಲ್ ಇಲ್ಲದ 60 ವ್ಯಾಟ್ ಐರನ್ ಸುಮ್ನೆ ಸ್ಟ್ಯಾಂಡ್‌ನಲ್ಲಿ ಕೂತಿದ್ದಾಗಲೇ 400 ಡಿಗ್ರಿ ದಾಟಿ ಹೋಗಬಹುದು. ಫ್ಲಕ್ಸ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಬಿಟ್ ಕಪ್ಪಾಗುತ್ತದೆ, ಚಿಕ್ಕ ಪ್ಯಾಡ್‌ಗಳು ಏಳುತ್ತವೆ. ಕಂಟ್ರೋಲ್ ಇರುವ 60 ವ್ಯಾಟ್‌ನದನ್ನು 360-380 ಡಿಗ್ರಿಗೆ ಇಟ್ಟುಕೊಳ್ಳಿ. ಸೀಸವಿರುವ ಹಳೆಯ ಬೋರ್ಡ್‌ಗಾದರೆ 330-350 ಸಾಕು.

ಬೋರ್ಡ್ ಹೋಗುತ್ತೆ ಅಂದವರ ಭಯವೂ ಸುಳ್ಳಲ್ಲ. ಅವರು ತಪ್ಪಿದ್ದು ಕಾರಣದಲ್ಲಿ. ಬೋರ್ಡಿನ ಫೈಬರ್‌ನಲ್ಲಿರುವ ಎಪಾಕ್ಸಿ ಎಂಬ ಅಂಟು 130-140 ಡಿಗ್ರಿ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ. ಉತ್ತಮ ದರ್ಜೆಯದಾದರೆ 170ರ ಆಸುಪಾಸು. ಅಂದರೆ ಸೋಲ್ಡರ್ ಕರಗುವ ಹೊತ್ತಿಗೆ ಅದರ ಕೆಳಗಿನ ಅಂಟು ಆಗಲೇ ಸಡಿಲ. ಮೇಲಿನ ತಾಮ್ರದ ಪ್ಯಾಡ್ ಆ ಗಳಿಗೆಯಲ್ಲಿ ಬೋರ್ಡನ್ನು ಹಿಡಿದುಕೊಂಡಿರುವುದು ಹೆಸರಿಗಷ್ಟೇ. ಆಗ ನೀವು ಒತ್ತಿದರೆ, ಕೆರೆದರೆ, ಕಾಲನ್ನು ಎಳೆದರೆ ಪ್ಯಾಡ್ ಎದ್ದು ಬರುತ್ತದೆ. ರಿಪೇರಿಗೆ ಬರುವ ಕೆಟ್ಟ ಬೋರ್ಡ್‌ಗಳಲ್ಲಿ ನಾನು ನೋಡುವುದು ಹೆಚ್ಚಾಗಿ ಇದನ್ನೇ: ಸುಟ್ಟದ್ದು ಕಮ್ಮಿ, ಕಿತ್ತದ್ದು ಜಾಸ್ತಿ. 25 ವ್ಯಾಟ್‌ನ ಐರನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು, ಸರಿಯಾದ ಐರನ್ನನ್ನು ನಾಲ್ಕು ಸೆಕೆಂಡ್ ತಾಗಿಸುವುದಕ್ಕಿಂತ ಬೋರ್ಡಿಗೆ ಅಪಾಯ. ಕಿತ್ತುಬಿಡು ಅನ್ನುವ ಮಾತನ್ನಂತೂ ದಯವಿಟ್ಟು ಮರೆತುಬಿಡಿ.

ಹೊಸ ಸೋಲ್ಡರ್ ಹಾಕುವುದು ಯಾಕೆ ಕೆಲಸ ಮಾಡುತ್ತದೆ? ಹಳೆಯ ಬೆಸುಗೆಯ ಮೇಲೆ ಆಕ್ಸೈಡ್ ಇದೆ, ಅದರಲ್ಲಿದ್ದ ಫ್ಲಕ್ಸ್ ಎಂದೋ ಮುಗಿದಿದೆ. ಒಣಗಿದ ಬೆಸುಗೆಗೆ ಒಣಗಿದ ಬಿಟ್ ತಾಗಿಸಿದರೆ ಎರಡೂ ಮುಟ್ಟುವುದು ಸೂಜಿ ಮೊನೆಯಷ್ಟು ಜಾಗದಲ್ಲಿ. ಹೊಸ ಸೋಲ್ಡರ್ ಕರಗಿ ಮಧ್ಯೆ ಹರಿದಾಗ ಆ ಸಂದು ತುಂಬುತ್ತದೆ, ಬಿಸಿಗೆ ಅಗಲವಾದ ದಾರಿ ಸಿಗುತ್ತದೆ. ಅದರೊಳಗಿನ ಫ್ಲಕ್ಸ್ ಆಕ್ಸೈಡನ್ನು ಬಿಡಿಸುತ್ತದೆ. ಜೊತೆಗೆ, ನೀವು ಹಾಕುವುದು ಸೀಸವಿರುವ ಸೋಲ್ಡರ್ ಆದರೆ ಹಳೆಯದರ ಜೊತೆ ಬೆರೆತು ಕರಗುವ ಡಿಗ್ರಿಯನ್ನೇ ಕೆಳಗಿಳಿಸುತ್ತದೆ.

ಹಾಕುವಾಗ ಗಮನವಿಟ್ಟು ನೋಡಿ. ಬಿಟ್ಟನ್ನು ಕಾಲಿಗೂ ಪ್ಯಾಡಿಗೂ ಒಟ್ಟಿಗೆ ತಾಗುವಂತೆ ಒರಗಿಸಿ, ಸಂದಿಯಲ್ಲಿ ಸೋಲ್ಡರ್ ತಂತಿ ಕೊಡಿ. ಮೊದಲು ಫ್ಲಕ್ಸ್ ಚುಂಯ್ ಅಂತ ಹೊಗೆಯಾಡುತ್ತದೆ. ಮಂಕಾಗಿದ್ದ ಗುಡ್ಡೆಯ ಒಂದು ಅಂಚು ಮಿನುಗುತ್ತದೆ. ಆ ಮಿನುಗು ಕಾಲನ್ನು ಸುತ್ತಿ ಆಚೆ ಅಂಚಿಗೆ ಹೋಗುತ್ತದೆ, ಇಡೀ ಗುಡ್ಡೆ ಒಂದೇ ಸಲ ಜಾರಿ ಚಪ್ಪಟೆಯಾಗುತ್ತದೆ. ಆಗ ಇನ್ನೊಂದು ಕೈಯಿಂದ ಕೆಪಾಸಿಟರನ್ನು ಮೆಲ್ಲಗೆ ಮುಟ್ಟಿದರೆ ಕಾಲು ಅಲುಗುತ್ತದೆ. ಅಲುಗಿದರೆ ಆಳದವರೆಗೂ ಕರಗಿದೆ ಅಂತ ಅರ್ಥ. ಅಂಚು ಮಾತ್ರ ಮಿನುಗಿ ಕಾಲು ಬಿಗಿಯಾಗೇ ಇದ್ದರೆ ಇನ್ನೂ ಕರಗಿಲ್ಲ. ಐದಾರು ಸೆಕೆಂಡ್‌ನಲ್ಲಿ ಆಗದಿದ್ದರೆ ಐರನ್ ತೆಗೆದು ಬೋರ್ಡ್ ತಣಿಯಲು ಬಿಡಿ. ಫ್ಲಕ್ಸ್ ಹಾಕಿ ಮತ್ತೆ ಪ್ರಯತ್ನಿಸಿ.

ಫ್ಲಕ್ಸ್ ಧಾರಾಳವಾಗಿ ಬಳಸಿ. ರಾಳದಿಂದ ಮಾಡಿದ್ದು ಅಥವಾ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ನೋ-ಕ್ಲೀನ್ ಜಾತಿಯದು ಆಗಬೇಕು. ಪೈಪ್ ಬೆಸುಗೆಗೆ ಬಳಸುವ ಆಸಿಡ್ ಫ್ಲಕ್ಸ್ ಬೇಡವೇ ಬೇಡ. ಅದು ಬೋರ್ಡಿನಲ್ಲಿ ಉಳಿದು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಇನ್ನು ಕೆಲಸದ ಕ್ರಮ. ಪವರ್ ಕೇಬಲ್ ಬಿಚ್ಚಿ, ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ತೆಗೆಯಿರಿ. ಮದರ್‌ಬೋರ್ಡಿನ ಮೇಲೆ ಕಡಿಮೆ ವೋಲ್ಟೇಜ್ ಇರುವುದರಿಂದ ಶಾಕ್‌ನ ಭಯ ಅಷ್ಟಿಲ್ಲ. ಮುಂದೆ ಯಾವತ್ತಾದರೂ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ) ಬಿಚ್ಚಿದರೆ ಕತೆ ಬೇರೆ. ಅದರ ದೊಡ್ಡ ಕೆಪಾಸಿಟರ್‌ನಲ್ಲಿ 230 ವೋಲ್ಟ್ ಕರೆಂಟಿಗೆ ಸುಮಾರು 325 ವೋಲ್ಟ್ ಡಿಸಿ ನಿಂತಿರಬಹುದು, ಪ್ಲಗ್ ಕಿತ್ತ ಮೇಲೂ. ಅದನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ನೋಡದೆ ಮುಟ್ಟಬಾರದು.

ಎರಡೂ ಕಾಲಿಗೆ ಹೊಸ ಸೋಲ್ಡರ್ ಹಾಕಿದ ಮೇಲೆ ಒಂದೇ ಸಲಕ್ಕೆ ತೆಗೆಯಲು ಹೋಗಬೇಡಿ. ಒಂದು ಕಾಲು ಕರಗಿಸಿ ಆ ಬದಿ ಒಂಚೂರು ವಾಲಿಸಿ. ಆಮೇಲೆ ಇನ್ನೊಂದು. ಹೀಗೆ ಆಕಡೆ ಈಕಡೆ ಕೂದಲೆಳೆಯಷ್ಟು ವಾಲಿಸುತ್ತಾ ಬಂದರೆ ಕೆಪಾಸಿಟರ್ ತಾನಾಗಿ ಮೇಲೆ ಬರುತ್ತದೆ. ಹೇಗೂ ಅದು ಕೆಟ್ಟಿದೆ, ಉಳಿಸಬೇಕಾಗಿಲ್ಲ ಅಲ್ವಾ? ಹಾಗಾಗಿ ಜಾಗ ಇದ್ದರೆ ಕಾಲುಗಳನ್ನು ಕಟರ್‌ನಿಂದ ಕತ್ತರಿಸಿ, ತುಂಡುಗಳನ್ನು ಒಂದೊಂದಾಗಿ ಚಿಮಟದಲ್ಲಿ ತೆಗೆಯುವುದು ಇನ್ನೂ ಸುಲಭ. ಐಸಿಯಂಥ ಬಹಳ ಕಾಲಿನ ಭಾಗ ಕೆಟ್ಟಿದ್ದರಂತೂ ನಾನು ಮೊದಲು ಮಾಡುವುದೇ ಇದನ್ನು. ಭಾಗಕ್ಕಿಂತ ಬೋರ್ಡ್ ಮುಖ್ಯ.

ಕಾಲು ಬಂದ ಮೇಲೆ ತೂತು ಬಿಡಿಸಬೇಕು. ಸಕ್ಕರ್ ಸೋಲುವುದು ಎರಡು ಕಾರಣಕ್ಕೆ. ಒಂದು, ಐರನ್ ಎತ್ತಿ ಸಕ್ಕರ್ ತರುವಷ್ಟರಲ್ಲಿ ಸೋಲ್ಡರ್ ಗಟ್ಟಿಯಾಗಿರುತ್ತದೆ. ಗ್ರೌಂಡ್ ತೂತಿನಲ್ಲಿ ಅದಕ್ಕೆ ಅರೆಕ್ಷಣ ಸಾಕು. ಇನ್ನೊಂದು, ಮೇಲಿನದು ಮಾತ್ರ ಕರಗಿರುತ್ತದೆ. ಬೋರ್ಡನ್ನು ನಿಲ್ಲಿಸಿ, ಒಂದು ಬದಿಯಿಂದ ಐರನ್ ತಾಗಿಸಿ, ಎದುರು ಬದಿಯಲ್ಲಿ ಸಕ್ಕರ್ ಬಾಯಿ ತೂತಿಗೆ ಒತ್ತಿ. ಸೋಲ್ಡರ್ ಆ ಬದಿಯಲ್ಲೂ ಮಿನುಗಿದಾಗ ಐರನ್ ತೆಗೆಯದೆಯೇ ಬಟನ್ ಒತ್ತಿ. ಸ್ವಲ್ಪ ಉಳಿದುಕೊಂಡರೆ ಕೆರೆಯಬೇಡಿ. ಮತ್ತೆ ಹೊಸ ಸೋಲ್ಡರ್ ತುಂಬಿ ಪೂರ್ತಿ ಎಳೆಯಿರಿ. ತೂತು ತುಂಬಿದ್ದಾಗ ಒಟ್ಟಿಗೆ ಬರುತ್ತದೆ, ಅರೆಬರೆ ಇದ್ದರೆ ಗಾಳಿ ನುಗ್ಗಿ ಅಲ್ಲೇ ಉಳಿಯುತ್ತದೆ. ಸ್ಟೀಲ್ ಸೂಜಿ ಅಥವಾ ಮರದ ಹಲ್ಲುಕಡ್ಡಿಯನ್ನು ಕರಗಿದ ಸೋಲ್ಡರ್‌ನೊಳಗೆ ಒತ್ತಡವಿಲ್ಲದೆ ಇಳಿಸುವುದೂ ಆಗುತ್ತದೆ. ಡ್ರಿಲ್ ಮಾತ್ರ ಬೇಡ. ತೂತಿನ ಗೋಡೆಗೆ ಹಚ್ಚಿದ ತಾಮ್ರವೇ ಒಳಪದರಗಳಿಗೆ ಸಂಪರ್ಕ. ಡ್ರಿಲ್ ಅದನ್ನು ಕೆರೆದು ತೆಗೆಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ವಿಕ್ ಅಂಟಿಕೊಂಡದ್ದು ಯಾಕೆಂದರೆ ಐರನ್ ಮೊದಲು ಎತ್ತಿದಿರಿ, ಅಥವಾ ಬಿಸಿಯೇ ಸಾಲಲಿಲ್ಲ. ವಿಕ್ ಕೂಡ ತಾಮ್ರ, ಅದೂ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಬೇಕಾದಷ್ಟು ಚಿಕ್ಕ ತುಂಡು ಕತ್ತರಿಸಿ ಚಿಮಟದಲ್ಲಿ ಹಿಡಿಯಿರಿ, ಫ್ಲಕ್ಸ್ ಸವರಿ, ಬೆಸುಗೆಯ ಮೇಲಿಟ್ಟು ಅದರ ಮೇಲೆ ಬಿಟ್ಟಿನ ಚಪ್ಪಟೆ ಮುಖ ಇಡಿ. ಸೋಲ್ಡರ್ ಹೀರಿ ವಿಕ್ ಬೆಳ್ಳಗಾದ ಮೇಲೆ ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತಿ. ಪ್ಯಾಡ್ ಮೇಲೆ ಉಜ್ಜಬೇಡಿ. ಎಷ್ಟು ಹೀರಿದರೂ ತೆಳ್ಳಗೆ ಬೆಳ್ಳಿ ಬಣ್ಣ ಉಳಿಯುತ್ತದೆ. ಅದು ತವರ ಮತ್ತು ತಾಮ್ರ ಸೇರಿ ಆದ ಪದರ, ಅದನ್ನು ತೆಗೆಯಬೇಕಾಗಿಲ್ಲ.

ಇಷ್ಟಾದರೂ ಮೈನಸ್ ಕಾಲು ಬಿಡದಿದ್ದರೆ ಬೋರ್ಡನ್ನೇ ಮೊದಲು ಬೆಚ್ಚಗೆ ಮಾಡಬೇಕು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಬೋರ್ಡಿಗೆ ಹಿತವಾದ ದಾರಿ, ಮತ್ತು ಜನ ಕೊನೆಗೆ ನೆನಪಿಸಿಕೊಳ್ಳುವ ದಾರಿ. 25 ಡಿಗ್ರಿಯ ಬೋರ್ಡನ್ನು 217ಕ್ಕೆ ಏರಿಸುವ ಹೊರೆ ಪೂರ್ತಿ ಐರನ್ ಮೇಲಿತ್ತು. ಬಿಸಿ ಗಾಳಿಯ ಬ್ಲೋವರ್ ಅಥವಾ ಪ್ರೀಹೀಟರ್‌ನಿಂದ ಆ ಭಾಗವನ್ನು 100 ಡಿಗ್ರಿ ಹತ್ತಿರ ತಂದರೆ ಐದರಲ್ಲಿ ಸುಮಾರು ಎರಡು ಪಾಲು ಕೆಲಸ ಮುಗಿದಂತೆ. ಒಂದೇ ಕಡೆ ಊದದೆ ಅಗಲವಾಗಿ ಆಡಿಸುತ್ತಾ, ಒಂದೆರಡು ನಿಮಿಷ ನಿಧಾನವಾಗಿ ಕಾಯಿಸಿ. ಪ್ಲಾಸ್ಟಿಕ್ ಕನೆಕ್ಟರ್‌ಗಳು ವಾಲಬಹುದು, ಪಕ್ಕದ ಒಳ್ಳೆಯ ಕೆಪಾಸಿಟರ್‌ಗಳಿಗೂ ಬಿಸಿಯಿಂದ ಹಾನಿ. ಅವುಗಳಿಗೆ ಅಲ್ಯೂಮಿನಿಯಂ ಹಾಳೆ ಅಡ್ಡ ಇಡಿ. ಬೆಂಕಿಯ ಜ್ವಾಲೆ ಹಿಡಿಯಬೇಡಿ. ಅಡುಗೆಗೆ ಬಳಸುವ ಓವನ್ನಿಗೂ ಹಾಕಬೇಡಿ.

ಬಿಸ್ಮತ್ ಸೇರಿದ, ಕಡಿಮೆ ಬಿಸಿಗೆ ಕರಗುವ ಮಿಶ್ರಲೋಹ ಇನ್ನೊಂದು ಆಯ್ಕೆ. ತವರ-ಬಿಸ್ಮತ್ ಮಿಶ್ರಣ 138 ಡಿಗ್ರಿಯಲ್ಲೇ ಕರಗುತ್ತದೆ, ಹಳೆಯ ಬೆಸುಗೆಯೊಂದಿಗೆ ಬೆರೆತು ಬಹಳ ಹೊತ್ತು ದ್ರವವಾಗೇ ಇರುತ್ತದೆ. ಬಹಳ ಕಾಲಿನ ಭಾಗಗಳಿಗೆ ಇದು ವರ. ಕೆಲಸ ಮುಗಿದ ಮೇಲೆ ಒಂದು ಚೂರೂ ಬಿಡದೆ ಒರೆಸಿ ತೆಗೆಯಬೇಕು, ಅದೇ ಇದರ ತೊಡಕು. ಬಿಸ್ಮತ್, ಸೀಸ, ತವರ ಮೂರೂ ಸೇರಿದರೆ 96 ಡಿಗ್ರಿ ಹತ್ತಿರವೇ ಕರಗುವ ಮಿಶ್ರಣವಾಗಬಹುದು. ಬಿಸಿಯಾಗುವ ಭಾಗದ ಕೆಳಗೆ ಅಂಥ ಬೆಸುಗೆ ಉಳಿದರೆ ತಾಳುವುದಿಲ್ಲ. ಎರಡೇ ಕಾಲಿನ ಕೆಪಾಸಿಟರ್‌ಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಒಮ್ಮೊಮ್ಮೆ ಕರಗದ್ದು ಸೋಲ್ಡರೇ ಆಗಿರುವುದಿಲ್ಲ. ಕಾಲನ್ನು ಕೆಳಗೆ ಮಡಚಿರುತ್ತಾರೆ, ಸೋಲ್ಡರ್ ಹೋದರೂ ಅದು ಬರುವುದಿಲ್ಲ. ಕೆಲವು ಕನೆಕ್ಟರ್‌ಗಳ ಪಿನ್ ಬರೀ ಒತ್ತಿ ಕೂರಿಸಿದ್ದು. ಬ್ಯಾಟರಿಯ ಪಟ್ಟಿ ವೆಲ್ಡ್ ಮಾಡಿದ್ದು, ಅದಕ್ಕೆ ಐರನ್ ಹಿಡಿದು ಕೂತರೆ ಬ್ಯಾಟರಿ ಸಿಡಿಯುವ ಅಪಾಯವಿದೆ.

ಕಣ್ಣಿಗೆ ಕನ್ನಡಕ ಇರಲಿ. ಬೋರ್ಡನ್ನು ಬಿಸಿ ಮಾಡಿ ಮೇಜಿಗೆ ಕುಟ್ಟಿ ಸೋಲ್ಡರ್ ಉದುರಿಸುವವರಿದ್ದಾರೆ. ಆ ಹನಿ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು, ಮಾಡಬೇಡಿ. ಹೊಗೆಯಲ್ಲಿ ಸೀಸ ಇದೆ ಅನ್ನುವ ಹೆದರಿಕೆ ಬಹಳ ಜನರಿಗಿದೆ. ಸೋಲ್ಡರಿಂಗ್ ಬಿಸಿಯಲ್ಲಿ ಸೀಸ ಹೇಳಿಕೊಳ್ಳುವಷ್ಟು ಆವಿಯಾಗುವುದಿಲ್ಲ. ಕಾಣುವ ಹೊಗೆ ಫ್ಲಕ್ಸ್‌ನದು. ಆದರೆ ರಾಳದ ಆ ಹೊಗೆ ಅಸ್ತಮಾ ತರಬಲ್ಲದು, ಹಾಗಾಗಿ ಫ್ಯಾನ್ ಇಟ್ಟು ಮುಖದಿಂದ ಆಚೆ ಕಳಿಸಿ. ಸೀಸ ಮೈಗೆ ಸೇರುವುದು ಕೈಯ ಮೂಲಕ. ತಿನ್ನುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ.

ಪ್ಯಾಡ್ ಎದ್ದುಬಿಟ್ಟರೆ ಗಾಬರಿಯಾಗಬೇಡಿ. ಆ ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ ಅಲ್ಲಿಗೆ ವೈರ್ ಎಳೆಯಬಹುದು. ಮೈನಸ್ ಕಾಲಾದರೆ ಹತ್ತಿರದ ಯಾವುದೇ ಗ್ರೌಂಡ್ ಆದೀತು.

ನಿಮ್ಮ ಬೋರ್ಡಿಗೆ ನಾನು ಹೇಳುವುದು ಇಷ್ಟು: 25 ವ್ಯಾಟ್‌ನ ಐರನ್ ಪಕ್ಕಕ್ಕಿಡಿ. ಕಂಟ್ರೋಲ್ ಇರುವ 60 ವ್ಯಾಟ್, ಚಿಸೆಲ್ ಬಿಟ್, ಸೀಸದ ಹೊಸ ಸೋಲ್ಡರ್, ಫ್ಲಕ್ಸ್, ಜೊತೆಗೆ ಬೋರ್ಡ್ ಬೆಚ್ಚಗೆ ಮಾಡಲು ಏನಾದರೊಂದು. ಇಷ್ಟಿದ್ದೂ ಒಂದೆರಡು ಪ್ರಯತ್ನದಲ್ಲಿ ಕಾಲು ಅಲುಗದಿದ್ದರೆ ಡಿಸೋಲ್ಡರಿಂಗ್ ಸ್ಟೇಷನ್ ಇರುವವರ ಹತ್ತಿರ ಕೊಡಿ. ಹೊಸ ಕೆಪಾಸಿಟರ್ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರುವ) ಜಾತಿಯದ್ದಾಗಿರಲಿ. ಬಿಚ್ಚುವ ಮುಂಚೆಯೇ ಫೋಟೋ ತೆಗೆದಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧ ಸಾಮಾನ್ಯವಾಗಿ ಮೈನಸ್ ಬದಿ, ಆದರೆ ಕೆಲವು ಬೋರ್ಡ್‌ಗಳಲ್ಲಿ ಉಲ್ಟಾ ಇರುತ್ತದೆ. ಹಾಗೆಯೇ ಮೂರೂ ಜಾಗದಲ್ಲಿ ಪ್ಲಸ್-ಮೈನಸ್ ನಡುವಿನ ಓಮ್ ರೀಡಿಂಗ್ ಮೊದಲೇ ಬರೆದಿಟ್ಟುಕೊಂಡು, ಹೊಸದು ಹಾಕಿದ ಮೇಲೆ ಹೋಲಿಸಿ. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳಲ್ಲಿ ಮೀಟರ್ ಬೀಪ್ ಅನ್ನುವುದು ಮಾಮೂಲು, ಏಕೆಂದರೆ ಪ್ರೊಸೆಸರ್‌ನ ರೆಸಿಸ್ಟೆನ್ಸೇ ಅಷ್ಟು ಕಮ್ಮಿ. ಮೊದಲು ಬೀಪ್ ಇಲ್ಲದೆ ಈಗ ಬಂದರೆ ಮಾತ್ರ ಪವರ್ ಕೊಡಬೇಡಿ. ಎಲ್ಲೋ ಸೋಲ್ಡರ್ ಹನಿ ಎರಡು ಕಾಲನ್ನು ಸೇರಿಸಿರಬಹುದು, ಅದನ್ನು ಹುಡುಕಿ.